ತೊಂಬತ್ತೊಂದಕ್ಕೂ ಮೊದಲು ಆಡಿದವರು

ಆ ಬೋರ್ಡನ್ನು ಮೊದಲ ಸಲ ಓದಿದಾಗ ನನ್ನ ಕೈಯಲ್ಲಿ ಕಿತ್ತಳೆ ಹೋಳುಗಳ ಡಬ್ಬಿ ಇತ್ತು. ಅದು 2007ರ ಸೆಪ್ಟೆಂಬರ್. ಅಮೆರಿಕದ ಕೆಂಟ್ ಊರಿನ ನಮ್ಮ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ ದೂರದ ಮೈದಾನದಲ್ಲಿ ಮಗಳ ಶನಿವಾರದ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಅವಳಿಗೆ ಹದಿನಾಲ್ಕು ವರ್ಷ. ಅರ್ಧ ಆಟ ಮುಗಿದಾಗ ಹುಡುಗಿಯರಿಗೆ ಹಣ್ಣು ಹಂಚುವ ಸರದಿ ಆ ವಾರ ನನ್ನದಾಗಿತ್ತು. ಹಂಚಿ ಉಳಿದದ್ದನ್ನು ಇಡೋಣವೆಂದು ಪಕ್ಕದ ಸಭಾಂಗಣಕ್ಕೆ ಹೋದೆ.

ಚೀನಾದಲ್ಲಿ ಮಹಿಳೆಯರ ವಿಶ್ವಕಪ್ ನಡೆಯುತ್ತಿದ್ದ ದಿನಗಳವು. ಅದರ ನೆಪದಲ್ಲಿ ಮಗಳು ಆಡುವ ಕ್ಲಬ್ಬಿನವರು ಗೋಡೆಗುಂಟ ಬೋರ್ಡುಗಳನ್ನು ನಿಲ್ಲಿಸಿ ಒಂದು ಪುಟ್ಟ ಪ್ರದರ್ಶನ ಮಾಡಿದ್ದರು. ಎಡಗಡೆ ಗಂಡಸರ ಫುಟ್‌ಬಾಲ್ ಟೂರ್ನಿಗಳ ಚರಿತ್ರೆ, ಬಲಗಡೆ ಹೆಂಗಸರದು. ಹೆಂಗಸರ ಬೋರ್ಡಿನ ಮೊದಲ ಸಾಲು ಹೀಗಿತ್ತು: 1991, ಬೇರೆ ಬೇರೆ ದೇಶಗಳ ಮಹಿಳಾ ತಂಡಗಳು ಮೊಟ್ಟಮೊದಲ ಬಾರಿಗೆ ಒಂದು ಟೂರ್ನಿಯಲ್ಲಿ ಎದುರಾದವು.

ನಾನು ಅದನ್ನು ಎರಡು ಸಲ ಓದಿದೆ. ಡಬ್ಬಿಯನ್ನು ಕೆಳಗಿಟ್ಟು ಮೂರನೇ ಸಲ ಓದಿದೆ.

ಎಂಬತ್ತನೆಯ ಇಸವಿ ಆಗಷ್ಟೇ ಶುರುವಾಗಿತ್ತು. ಕಲ್ಲಿಕೋಟೆಯಲ್ಲಿ ಏಷ್ಯಾದ ಮಹಿಳಾ ಫುಟ್‌ಬಾಲ್ ಚಾಂಪಿಯನ್‌ಷಿಪ್ ನಡೆದಿತ್ತು. ತೈವಾನ್, ಹಾಂಗ್‌ಕಾಂಗ್, ಫಿಲಿಪ್ಪೀನ್ಸ್‌ನ ಹುಡುಗಿಯರು ಬಂದಿದ್ದರು. ಆಸ್ಟ್ರೇಲಿಯಾದ ಪಶ್ಚಿಮ ತುದಿಯಿಂದಲೂ ಒಂದು ತಂಡ ಬಂದಿತ್ತು. ನಮ್ಮ ದೇಶ ಒಂದಲ್ಲ, ಎರಡು ತಂಡಗಳನ್ನು ಇಳಿಸಿತ್ತು. ಅದರಲ್ಲೊಂದು ತಂಡ ಫೈನಲ್‌ವರೆಗೆ ಹೋಗಿ ತೈವಾನಿನ ಎದುರು ಸೋತಿತು. ಆ ತಂಡದ ಮೀಸಲು ಆಟಗಾರ್ತಿಯರಲ್ಲಿ ನಾನೂ ಒಬ್ಬಳು. ಫಿಲಿಪ್ಪೀನ್ಸ್ ವಿರುದ್ಧ ಕೊನೆಯ ಹನ್ನೊಂದು ನಿಮಿಷ ಮೈದಾನಕ್ಕೆ ಇಳಿದಿದ್ದೆ. ಆಗ ನನಗೆ ಹದಿನೆಂಟು.

ಮೈಸೂರಿನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು ನಾನು. ಅಪ್ಪ ರೈಲ್ವೆ ವರ್ಕ್‌ಷಾಪಿನಲ್ಲಿ ಗುಮಾಸ್ತರು. ಕ್ವಾರ್ಟರ್ಸ್ ಹಿಂದಿನ ಬಯಲಿನಲ್ಲಿ ಸಂಜೆಯಾದರೆ ಎಲ್ಲರೂ ಫುಟ್‌ಬಾಲ್ ಆಡುತ್ತಿದ್ದರು. ಹುಡುಗಿಯರು ಲಂಗವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಆಡುತ್ತಿದ್ದೆವು. ಕಾಲೇಜಿನಲ್ಲಿ ತಂಡವಾಯಿತು, ಆಮೇಲೆ ರಾಜ್ಯದ ತಂಡ, ಆಮೇಲೆ ಕಲ್ಲಿಕೋಟೆ. ಮುಂದಿನ ವರ್ಷ ಮಂಡಿ ನೋವಾಯಿತು, ಅದರ ಮುಂದೆ ಮದುವೆಯ ಮಾತು ಬಂತು. ಅಲ್ಲಿಗೆ ಅದು ಮುಗಿಯಿತು.

ಮುಗಿಯಿತು ಎಂದರೆ, ಬಾಯಲ್ಲೂ ಮುಗಿಯಿತು. ಮದುವೆಗೆ ಮೊದಲೇ ಗಂಡನಿಗೆ ಹೇಳಿದ್ದೆ. ಅವರು ನಕ್ಕು, ‘ಪರವಾಗಿಲ್ಲ, ಆದ್ರೆ ನಮ್ಮಮ್ಮನ ಹತ್ರ ಮಾತ್ರ ಹೇಳ್ಬೇಡ’ ಅಂದಿದ್ದರು. ಅತ್ತೆಗೆ ಹೇಳಲಿಲ್ಲ. ಅತ್ತೆಗೆ ಹೇಳದ್ದನ್ನು ನಾದಿನಿಯರಿಗೆ ಹೇಗೆ ಹೇಳುವುದು? ಅವರಿಗೆ ಹೇಳದ್ದನ್ನು ಮಗಳಿಗೂ ಹೇಳಲಿಲ್ಲ. ಅತ್ತೆ ತೀರಿಕೊಂಡು ಆರು ವರ್ಷವಾಗಿತ್ತು, ನಾನಿನ್ನೂ ಆ ಮಾತನ್ನು ಪಾಲಿಸುತ್ತಿದ್ದೆ.

ಕ್ಲಬ್ಬಿನ ಕಾರ್ಯದರ್ಶಿ ಅಲ್ಲೇ ಕುರ್ಚಿ ಜೋಡಿಸುತ್ತಿದ್ದರು. ಅವರ ಮಗಳೂ ನಮ್ಮ ಮಗಳ ತಂಡದವಳೇ. ಮೆಲುಮಾತಿನ, ಯಾರಿಗೂ ಬೇಸರ ಮಾಡದ ಮನುಷ್ಯ. ನಾನು ಇಂಗ್ಲಿಷಿನಲ್ಲಿ ಹೇಳಿದೆ, ‘ಈ ಸಾಲು ತಪ್ಪು. ತೊಂಬತ್ತೊಂದಕ್ಕೂ ಮೊದಲು ಟೂರ್ನಿಗಳು ಆಗಿವೆ. ಒಂದರಲ್ಲಿ ನಾನೇ ಇದ್ದೆ.’

ಅವರು ಕುರ್ಚಿ ಬಿಟ್ಟು ನನ್ನ ಕಡೆ ತಿರುಗಿದರು. ಚೂಡಿದಾರ್ ಮೇಲೆ ಸ್ವೆಟರ್ ಹಾಕಿಕೊಂಡು ಹಣ್ಣು ಹಂಚುವ ಹೆಂಗಸನ್ನು ನೋಡಿದರು. ‘ನೀವು? ಆಡಿದ್ರಾ?’ ಎಂದು ಕೇಳಿ, ತಕ್ಷಣ ಸಾವರಿಸಿಕೊಂಡು, ‘ಎಂಥ ಒಳ್ಳೆಯ ವಿಷಯ. ಆದರೆ ನಾವು ಅಧಿಕೃತ ಟೂರ್ನಿಗಳನ್ನು ಮಾತ್ರ ಹಾಕಿದ್ದೇವೆ’ ಅಂದರು.

‘ಅಧಿಕೃತ ಅಂದರೆ?’

‘ವಿಶ್ವ ಫುಟ್‌ಬಾಲ್ ಮಂಡಳಿ ಒಪ್ಪಿಕೊಂಡದ್ದು.’ ಆಮೇಲೆ ನಯವಾಗಿ ಕೇಳಿದರು, ‘ನಿಮ್ಮ ಹತ್ತಿರ ಏನಾದರೂ ದಾಖಲೆ ಇದೆಯೇ?’

ಇದೆ, ತಂದು ತೋರಿಸುತ್ತೇನೆ ಎಂದು ಹೇಳಿ ಹೊರಗೆ ಬಂದೆ. ಮೈದಾನದಲ್ಲಿ ಮಗಳು ಚೆಂಡಿನ ಹಿಂದೆ ಓಡುತ್ತಿದ್ದಳು.

ಮಾರನೆಯ ದಿನ ಟೋಟೆಮ್ ಲೇಕ್‌ನಲ್ಲಿ ಗೆಳೆಯರ ಅಪಾರ್ಟ್‌ಮೆಂಟಿನಲ್ಲಿ ಗಣೇಶನ ಹಬ್ಬದ ಊಟವಿತ್ತು. ಬೆಂಗಳೂರು ಮೈಸೂರಿನ ಏಳೆಂಟು ಮನೆಯವರು ಸೇರಿದ್ದೆವು. ಟಿವಿಯಲ್ಲಿ ಮಹಿಳಾ ವಿಶ್ವಕಪ್ಪಿನ ಸುದ್ದಿ ಬಂತು. ನನ್ನ ಗಂಡನ ಸ್ನೇಹಿತರೊಬ್ಬರು ಕಡುಬು ತಿನ್ನುತ್ತಾ, ‘ನಮ್ಮಲ್ಲಿ ಹೆಣ್ಮಕ್ಳು ಫುಟ್‌ಬಾಲ್ ಎಲ್ಲಿ ಆಡ್ತಿದ್ರು ಹೇಳಿ. ಜಾಸ್ತಿ ಅಂದ್ರೆ ಖೋಖೋ, ಥ್ರೋಬಾಲ್’ ಅಂದರು.

‘ನಾನು ಆಡ್ತಿದ್ದೆ’ ಅಂದೆ.

‘ಸ್ಕೂಲಲ್ಲಾ?’

‘ಇಂಡಿಯಾಗೆ.’

ಗಂಡ ತಟ್ಟೆಯನ್ನೇ ನೋಡುತ್ತಿದ್ದರು. ಮಕ್ಕಳ ಗುಂಪಿನಲ್ಲಿದ್ದ ಮಗಳು ಎದ್ದು ಬಂದು, ಅವಳ ಅಭ್ಯಾಸದಂತೆ ಇಂಗ್ಲಿಷಿನಲ್ಲೇ ಕೇಳಿದಳು, ‘ಅಮ್ಮಾ, ವಾಟ್?’ ನಾನು ಎಲ್ಲರ ಎದುರು ಕಲ್ಲಿಕೋಟೆಯ ವಿಷಯವನ್ನು ಹೇಳಿದೆ. ತಡವರಿಸಲಿಲ್ಲ. ಹೆಂಗಸರು ಹತ್ತಿರ ಸರಿದು ಕುಳಿತರು. ಖೋಖೋ ಎಂದ ಸ್ನೇಹಿತರು ಮಾತ್ರ ‘ಅತ್ತಿಗೆ, ನೀವು ಸುಮ್ನೆ ತಮಾಷೆ ಮಾಡ್ತಿದೀರ’ ಎಂದು ಕೊನೆಯವರೆಗೂ ನಂಬಲಿಲ್ಲ. ಅವರನ್ನು ನಂಬಿಸುವ ಗೋಜಿಗೆ ನಾನು ಹೋಗಲಿಲ್ಲ.

ಕಾರಿನಲ್ಲಿ ವಾಪಸು ಬರುವಾಗ ದಾರಿಯಲ್ಲಿ ಸಿಗುವ ಬೆಲ್‌ವ್ಯೂ ಊರನ್ನು ದಾಟಿದೆವು. ಗಂಡ ಕೇಳಿದರು, ‘ಇಷ್ಟು ವರ್ಷ ಇಲ್ದಿದ್ದು ಈಗ್ಯಾಕೆ? ಯಾರೋ ಬೋರ್ಡಲ್ಲಿ ಏನೋ ಬರೆದ್ರೆ ನಮಗೇನು?’

‘ಇಷ್ಟು ವರ್ಷ ನೀವು ಬೇಡ ಅಂದ್ರಿ, ನಾನು ಹೂಂ ಅಂದೆ ರೀ. ಅದಕ್ಕೇ ಈಗ.’

‘ನಾನು ಅಮ್ಮನ ಹತ್ರ ಮಾತ್ರ ಬೇಡ ಅಂದಿದ್ದೆ.’

‘ಅದು ಅಷ್ಟಕ್ಕೇ ನಿಲ್ಲಲ್ಲ ಅಂತ ನಿಮಗೂ ಗೊತ್ತಿತ್ತು.’

ಹಿಂದಿನ ಸೀಟಿನಲ್ಲಿ ಮಗಳು ಕಿವಿಗೆ ಹಾಕಿಕೊಂಡಿದ್ದ ಹಾಡಿನ ತಂತಿಗಳನ್ನು ತೆಗೆದಿದ್ದಳು.

ದಾಖಲೆ ಇದ್ದದ್ದು ಮೈಸೂರಿನಲ್ಲಿ, ಅಕ್ಕನ ಮನೆಯಲ್ಲಿ. ಕಲ್ಲಿಕೋಟೆಯಲ್ಲಿ ತೆಗೆದ ತಂಡದ ಫೋಟೊ. ಅಕ್ಕನಿಗೆ ಫೋನ್ ಮಾಡಿ, ಸೈಬರ್ ಸೆಂಟರಿಗೆ ಹೋಗಿ ಸ್ಕ್ಯಾನ್ ಮಾಡಿಸಿ ಕಳಿಸು ಅಂದೆ. ಅವಳು, ‘ಕಳಿಸ್ತೀನಿ ಕಣೇ. ಆದ್ರೆ ಅದು ಹೇಗಿದೆ ಅಂತ ನಿನಗೆ ನೆನಪಿದೆ ತಾನೆ?’ ಎಂದಳು.

ನೆನಪಿತ್ತು. ಆ ಫೋಟೊ ಅಂಚೆಯಲ್ಲಿ ಬಂದ ದಿನ ಅಮ್ಮ ಬೆಳಕಿಗೆ ಹಿಡಿದು ನೋಡಿದ್ದರು. ನನ್ನ ಮುಖ ಚೆನ್ನಾಗಿ ಬಂದಿದೆ ಎಂದು ಖುಷಿಪಟ್ಟಿದ್ದರು. ಆಮೇಲೆ ಅವರ ಕಣ್ಣು ಕೆಳಕ್ಕೆ ಹೋಯಿತು. ನಾವೆಲ್ಲ ಚಡ್ಡಿಯಲ್ಲಿದ್ದೆವು. ‘ತೊಡೆ ಕಾಣೋ ಫೋಟೊ ಆಲ್ಬಮ್‌ನಲ್ಲಿ ಇಡೋಕಾಗತ್ತಾ? ನಾಳೆ ಗಂಡಿನ ಕಡೆಯೋರು ಬಂದು ತೆಗೆದು ನೋಡಿದ್ರೆ?’ ಎಂದು ಹೊಲಿಗೆ ಡಬ್ಬಿಯಿಂದ ಕತ್ತರಿ ತೆಗೆದರು. ನಾನು ಎದುರಿಗೇ ಕುಳಿತಿದ್ದೆ. ಬೇಡ ಅನ್ನಲಿಲ್ಲ.

ಇಮೇಲಿನಲ್ಲಿ ಬಂದ ಚಿತ್ರ ತೆರೆದಾಗ, ಅಮ್ಮ ಕತ್ತರಿಸಿದ್ದು ನಾನು ನೆನಪಿಟ್ಟುಕೊಂಡಿದ್ದಕ್ಕಿಂತ ಮೇಲಕ್ಕಿತ್ತು. ಸೊಂಟದಿಂದ ಮೇಲೆ ಹದಿನಾರು ಹುಡುಗಿಯರು. ಗಂಡಸರ ಅಳತೆಯ ದೊಗಳೆ ಅಂಗಿಗಳು, ಎಣ್ಣೆ ಹಚ್ಚಿ ಬಿಗಿದ ಜಡೆಗಳು. ಮುಂದೆ ಕುಳಿತವರ ಮಡಿಲಲ್ಲಿದ್ದ ಚೆಂಡು, ಬೂಟು, ತಂಡದ ಹೆಸರು ಬರೆದ ಹಲಗೆ ಒಂದೂ ಇರಲಿಲ್ಲ.

ಅದನ್ನೇ ಪ್ರಿಂಟ್ ಹಾಕಿಸಿ ಕಾರ್ಯದರ್ಶಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ‘ಇದು ಯಾವ ತಂಡ ಬೇಕಾದರೂ ಆಗಿರಬಹುದು ಅಲ್ಲವೇ? ವಾಲಿಬಾಲ್ ಕೂಡ. ಇದನ್ನು ನಂಬಿ ಬೋರ್ಡು ಬದಲಾಯಿಸಲು ಆಗುವುದಿಲ್ಲ’ ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ನನಗೆ ಹೆಚ್ಚು ಉರಿದದ್ದು.

ಮುಂದಿನ ಒಂದು ವಾರ ದಿನವೂ ಕೆಲಸ ಮುಗಿದ ಮೇಲೆ ಲೈಬ್ರರಿಗೆ ಹೋದೆ. ಕೆಂಟ್‌ನ ಕಣಿವೆಯಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನನಗೆ ತಪಾಸಣೆಯ ಕೆಲಸ. ಬಂದ ಭಾಗ ನಕ್ಷೆಯಲ್ಲಿದ್ದ ಅಳತೆಗೆ ಸರಿಯಾಗಿದೆಯೋ ಇಲ್ಲವೋ ನೋಡುವುದು, ಕೂದಲೆಳೆ ಹೆಚ್ಚುಕಡಿಮೆಯಿದ್ದರೂ ತಿರಸ್ಕರಿಸುವುದು. ಅದೇ ಕಣ್ಣಿನಿಂದ ಓದಿದೆ. ಹಳೆಯ ಪತ್ರಿಕೆಗಳು, ಆಟದ ಪುಸ್ತಕಗಳು, ಇಂಟರ್‌ನೆಟ್ಟಿನಲ್ಲಿ ಯಾರೋ ಆಸಕ್ತರು ಕೂಡಿಸಿಟ್ಟ ಪಟ್ಟಿಗಳು. ಇಂಗ್ಲೆಂಡಿನಲ್ಲಿ ಹೆಂಗಸರ ಪಂದ್ಯಕ್ಕೆ ಜನ ಕಿಕ್ಕಿರಿಯತೊಡಗಿದ ಮೇಲೆ, 1921ರಲ್ಲಿ, ಅವರಿಗೆ ದೊಡ್ಡ ಮೈದಾನಗಳನ್ನೇ ಕೊಡಕೂಡದೆಂದು ಅಲ್ಲಿನ ಫುಟ್‌ಬಾಲ್ ಮಂಡಳಿ ತೀರ್ಮಾನಿಸಿತ್ತು. ಅದು ಸುಮಾರು ಐವತ್ತು ವರ್ಷ ನಡೆಯಿತು. 1970ರಲ್ಲಿ ಇಟಲಿಯಲ್ಲಿ, 1971ರಲ್ಲಿ ಮೆಕ್ಸಿಕೊದಲ್ಲಿ ಹೆಂಗಸರ ವಿಶ್ವಕಪ್ ಎಂದೇ ಕರೆದ ಟೂರ್ನಿಗಳು ಆದವು. ವಿಶ್ವ ಮಂಡಳಿ ಅವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. 1975ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಏಷ್ಯಾದ ಮೊದಲ ಟೂರ್ನಿ. ಕಲ್ಲಿಕೋಟೆ ಒಂದು ಸಾಲಿನಲ್ಲಿತ್ತು. ಒಂದೇ ಸಾಲು, ಆದರೆ ಇತ್ತು.

ಊಟದ ವಿರಾಮದಲ್ಲಿ ಇದನ್ನೆಲ್ಲ ಬರೆದುಕೊಳ್ಳುತ್ತಿದ್ದಾಗ ಪ್ಯಾಕಿಂಗ್ ವಿಭಾಗದವಳೊಬ್ಬಳು ಬಂದು ಎದುರಿಗೆ ಕುಳಿತಳು. ನನಗಿಂತ ಎರಡು ವರ್ಷ ದೊಡ್ಡವಳು, ಮೆಕ್ಸಿಕೊ ನಗರದಲ್ಲಿ ಹುಟ್ಟಿ ಬೆಳೆದವಳು. ಹತ್ತು ವರ್ಷದಿಂದ ಒಟ್ಟಿಗೆ ಊಟ ಮಾಡುತ್ತಿದ್ದೆವು. ಹಾಳೆಯನ್ನು ತಲೆಕೆಳಗಾಗಿ ಓದಿ, ‘ಎಪ್ಪತ್ತೊಂದು? ನಾನು ಅಲ್ಲಿದ್ದೆನಲ್ಲ’ ಅಂದಳು.

‘ಎಲ್ಲಿ?’

‘ಫೈನಲ್‌ನಲ್ಲಿ. ಅಪ್ಪ ಕರೆದುಕೊಂಡು ಹೋಗಿದ್ದ. ನನಗೆ ಹನ್ನೊಂದು ವರ್ಷ.’ ಗೋಲಿನ ಕಂಬಗಳಿಗೆ ಗುಲಾಬಿ ಬಣ್ಣದ ಪಟ್ಟೆ ಬಳಿದಿದ್ದರಂತೆ. ಲಕ್ಷ ಜನ, ಕುಳಿತುಕೊಳ್ಳಲು ಜಾಗವಿಲ್ಲ. ‘ಡೆನ್ಮಾರ್ಕಿನ ಒಬ್ಬ ಹುಡುಗಿ, ಹದಿನೈದು ವರ್ಷ ಅಂತ ಆಮೇಲೆ ಗೊತ್ತಾಯಿತು, ಮೂರೂ ಗೋಲು ಅವಳೇ ಹೊಡೆದಳು. ನಾವು ಸೋತೆವು. ನಾನು ಅತ್ತೆ. ಅಪ್ಪ ಎದ್ದು ನಿಂತು ಆ ಹುಡುಗಿಗೆ ಚಪ್ಪಾಳೆ ತಟ್ಟಿದ. ನನಗೆ ಎಷ್ಟು ಕೋಪ ಬಂತು ಗೊತ್ತಾ? ದಾರಿಯುದ್ದಕ್ಕೂ ಅವನ ಕೈ ಹಿಡಿಯಲಿಲ್ಲ.’

ನಾನು ಸಭಾಂಗಣದ ಬೋರ್ಡಿನ ವಿಷಯ ಹೇಳಿದೆ. ಅವಳು ಅಗಿಯುವುದನ್ನು ನಿಲ್ಲಿಸಿದಳು. ‘ಹಾಗಾದರೆ ಆ ಲಕ್ಷ ಜನ ಅವತ್ತು ಏನು ನೋಡಿದರಂತೆ?’ ಎಂದು ಕೇಳಿದಳು.

ಮೂರನೇ ಸಲ ಕಾರ್ಯದರ್ಶಿಯ ಬಳಿ ಹೋಗುವಾಗ ನಾನು ಗಂಡಸರ ಬೋರ್ಡನ್ನೂ ಸರಿಯಾಗಿ ಓದಿದ್ದೆ. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಡೆದ ಫುಟ್‌ಬಾಲ್ ಅದರಲ್ಲಿತ್ತು. ಅಲ್ಲಿ ಆಡಿದ್ದು ಮೂರೇ ತಂಡ. 1909ರಲ್ಲಿ ಒಬ್ಬ ಚಹಾ ವ್ಯಾಪಾರಿ ಇಟಲಿಯಲ್ಲಿ ನಡೆಸಿದ ಟೂರ್ನಿಯೂ ಇತ್ತು. ಅದನ್ನು ಗೆದ್ದವರು ಇಂಗ್ಲೆಂಡಿನ ಕಲ್ಲಿದ್ದಲು ಗಣಿಯ ಕಡೆಯ ಒಂದು ಪುಟ್ಟ ಕ್ಲಬ್ಬಿನವರು. ಇವೆಲ್ಲ ಆದಮೇಲೆ 1930, ಉರುಗ್ವೆ, ಮೊದಲ ವಿಶ್ವಕಪ್.

‘ಚಹಾ ವ್ಯಾಪಾರಿಯ ಕಪ್ಪನ್ನು ವಿಶ್ವ ಮಂಡಳಿ ಒಪ್ಪಿಕೊಂಡಿತ್ತೇ?’ ಎಂದು ಕೇಳಿದೆ.

‘ಇಲ್ಲ, ಅದು ಸುಮ್ಮನೆ, ಸ್ವಾರಸ್ಯವಾದ ಕಥೆ ಅಂತ...’

‘ಪ್ಯಾರಿಸ್ ಪಂದ್ಯ ನಡೆದಾಗ ಮಂಡಳಿ ಹುಟ್ಟಿರಲೇ ಇಲ್ಲ. ಅದು ಹುಟ್ಟಿದ್ದು 1904ರಲ್ಲಿ. ಗಂಡಸರು ಆಡಿದ್ದೆಲ್ಲ ಚರಿತ್ರೆ, ನಾವು ಆಡಿದ್ದಕ್ಕೆ ಮಾತ್ರ ಮುದ್ರೆ ಬೇಕು. ಯಾಕೆ?’

ಅವರು ಕೆಂಪಾದರು. ಯಾರಿಗೂ ಬೇಸರ ಮಾಡದ ಮನುಷ್ಯ ಎಂದೆನಲ್ಲ. ‘ಕೊನೆಯಲ್ಲಿ ಸ್ವಲ್ಪ ಜಾಗ ಇದೆ. ಇತರ ಪಂದ್ಯಗಳು ಅಂತ ಒಂದು ಚೀಟಿ ಅಂಟಿಸಬಹುದು’ ಅಂದರು.

‘ಬೇಡ. ಎಪ್ಪತ್ತು ಎಪ್ಪತ್ತರ ಜಾಗದಲ್ಲಿ ಬರಬೇಕು, ಎಂಬತ್ತು ಎಂಬತ್ತರ ಜಾಗದಲ್ಲಿ.’

‘ಬೋರ್ಡು ಅಚ್ಚಾಗಿಬಿಟ್ಟಿದೆ.’

‘ಹಾಗಾದರೆ ನನ್ನದನ್ನು ನಾನೇ ಮಾಡುತ್ತೇನೆ.’

ಸೆಪ್ಟೆಂಬರಿನ ಕೊನೆಯ ಶನಿವಾರ ಕ್ಲಬ್ಬಿನ ಕುಟುಂಬಗಳೆಲ್ಲ ಸೇರುವ ದಿನ. ಹಿಂದಿನ ಸಂಜೆ ಊಟದ ಮೇಜಿನ ಮೇಲೆ ದೊಡ್ಡ ರಟ್ಟು ಹರಡಿಕೊಂಡು ಕುಳಿತೆ. 1921ರಿಂದ ಶುರು ಮಾಡಿದೆ. ಎಂಬತ್ತರ ಜಾಗಕ್ಕೆ ಬಂದಾಗ ಅರ್ಧ ಫೋಟೊವನ್ನು ಅಂಟಿಸಿದೆ. ಅದರ ಕೆಳಗೆ ಅಷ್ಟೇ ಅಗಲದ ಖಾಲಿ ಜಾಗ ಬಿಟ್ಟು ಬರೆದೆ: ಈ ಚಿತ್ರದ ಕೆಳಭಾಗವನ್ನು ನನ್ನ ಅಮ್ಮ ಕತ್ತರಿಸಿದರು, ಯಾಕೆಂದರೆ ನಾವು ಚಡ್ಡಿ ಹಾಕಿದ್ದೆವು. ಅಲ್ಲಿ ಮೂವತ್ತೆರಡು ಕಾಲುಗಳೂ ಒಂದು ಚೆಂಡೂ ಇದ್ದವು.

ಮಗಳು ಹಿಂದೆ ನಿಂತು ಓದಿದಳು. ‘ಅಮ್ಮಾ, ಇದು ಎಲ್ಲರ ಎದುರು ಬೇಡ. ಪ್ಲೀಸ್’ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಹದಿನಾಲ್ಕರ ವಯಸ್ಸಿನವರಿಗೆ ಅಮ್ಮ ಜೋರಾಗಿ ಸೀನಿದರೂ ಅವಮಾನ.

‘ನಿನಗೆ ನಾಚಿಕೆ ಆದ್ರೆ ದೂರ ನಿಂತ್ಕೋ. ನಾನು ತಗೊಂಡು ಹೋಗ್ತೀನಿ’ ಅಂದೆ.

ಮಾರನೆಯ ಬೆಳಗ್ಗೆ ಸಭಾಂಗಣದ ಬಾಗಿಲಿಗೆ ಎದುರಾಗಿ ಕಾರು ನಿಲ್ಲಿಸಿ, ಡಿಕ್ಕಿ ತೆರೆದು, ಬೋರ್ಡನ್ನು ಅದಕ್ಕೆ ಒರಗಿಸಿದೆ. ನನ್ನ ಮೆಕ್ಸಿಕೊ ಗೆಳತಿ ರಜೆ ಹಾಕಿ ಬಂದಿದ್ದಳು. ಹಸಿರು ಅಂಗಿ ತೊಟ್ಟಿದ್ದಳು, ಅದು ಅವಳ ದೇಶದ ತಂಡದ ಬಣ್ಣ. ಕಾರ್ಯದರ್ಶಿ ಹೊರಗೆ ಬಂದು, ‘ಇಲ್ಲಿ ಪ್ರದರ್ಶನ ಮಾಡುವ ಹಾಗಿಲ್ಲ ಅನಿಸುತ್ತದೆ’ ಅಂದರು.

‘ಇದು ನನ್ನ ಕಾರು. ಕಾರಿನ ಡಿಕ್ಕಿ ತೆರೆದಿದ್ದೇನೆ ಅಷ್ಟೇ’ ಅಂದೆ.

ಮಳೆಹನಿ ಶುರುವಾಯಿತು. ಇದ್ದದ್ದು ಒಂದೇ ಕೊಡೆ. ಗೆಳತಿ ಅದನ್ನು ಬೋರ್ಡಿನ ಮೇಲೆ ಹಿಡಿದಳು, ನಾವಿಬ್ಬರೂ ನೆನೆದೆವು. ಮೊದಲ ಅರ್ಧ ಗಂಟೆ ಜನ ನಮ್ಮನ್ನು ಏನೋ ಮಾರುವವರೆಂದುಕೊಂಡು ಕಣ್ಣು ತಪ್ಪಿಸಿ ಒಳಗೆ ಹೋದರು. ಆಮೇಲೆ ಇಬ್ಬರು ಹುಡುಗಿಯರು ನಿಂತು ಓದಿದರು. ಅವರು ಇನ್ನಿಬ್ಬರನ್ನು ಕರೆದರು. ಗೆಳತಿ ಡೆನ್ಮಾರ್ಕಿನ ಹುಡುಗಿಯ ಮೂರು ಗೋಲುಗಳನ್ನು ಕೈಕಾಲು ಆಡಿಸಿ ತೋರಿಸತೊಡಗಿದಳು. ಒಬ್ಬ ತಾಯಿ ಅರ್ಧ ಫೋಟೊದ ಕೆಳಗಿನದನ್ನು ಓದಿ ತನ್ನ ಮಗಳ ತಲೆಯ ಮೇಲೆ ಕೈ ಇಟ್ಟುಕೊಂಡು ಅದನ್ನು ಇನ್ನೊಮ್ಮೆ ಓದಿದಳು.

ಕಾರ್ಯದರ್ಶಿ ಮತ್ತೆ ಬಂದರು. ‘ಒಳಗೆ ತನ್ನಿ, ನೆನೆಯುತ್ತಿದ್ದೀರಿ. ಬಾಗಿಲ ಹತ್ತಿರದ ಮೂಲೆಯಲ್ಲಿ ಇಡಬಹುದು.’

‘ತೊಂಬತ್ತೊಂದರ ಬೋರ್ಡಿಗಿಂತ ಮೊದಲು ಇಡುತ್ತೀರಾ?’

‘ಅದು ಕಷ್ಟ.’

‘ಹಾಗಾದರೆ ಇಲ್ಲೇ ಇರಲಿ.’

ಆಗ ಮಗಳ ತಂಡದ ಕೋಚ್ ಬಂದಳು. ಮೂವತ್ತರ ಆಸುಪಾಸಿನ ಯುವತಿ, ಕಾಲೇಜು ತಂಡದಲ್ಲಿ ಆಡಿದವಳು. ಒಂದೊಂದೇ ಸಾಲನ್ನು ಬೆರಳಿಟ್ಟು ಓದಿದಳು. ‘ನನಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ’ ಅಂದಳು. ಅವಳ ದನಿಯಲ್ಲಿ ಮೆಚ್ಚುಗೆಗಿಂತ ಸಿಟ್ಟು ಹೆಚ್ಚಿತ್ತು. ಅದು ನನಗೆ ಹಿಡಿಸಿತು.

ಮಗಳು ಅಷ್ಟು ಹೊತ್ತೂ ಮೈದಾನದ ಬೇಲಿಯ ಹತ್ತಿರ ನಿಂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಬಂದು, ಗೆಳತಿಯ ಕೈಯಿಂದ ಕೊಡೆ ತೆಗೆದುಕೊಂಡು ತಾನು ಹಿಡಿದಳು. ತಂಡದ ಹುಡುಗಿಯೊಬ್ಬಳು ಫೋಟೊ ನೋಡುತ್ತಾ ‘ಇದರಲ್ಲಿ ನಿನ್ನ ಅಮ್ಮ ಯಾರು?’ ಎಂದು ಕೇಳಿದಾಗ, ಎರಡನೇ ಸಾಲಿನ ಎಡದಿಂದ ಮೂರನೆಯವಳನ್ನು ತೋರಿಸಿದಳು. ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ತಾನೇ ಗುರುತು ಹಿಡಿದಿದ್ದಳು.

ಒಳಗಿನ ಬೋರ್ಡು ಬದಲಾಗಲಿಲ್ಲ. ವಿಶ್ವಕಪ್ ಮುಗಿದ ಮೇಲೆ ಅದನ್ನು ಹಾಗೆಯೇ ಸುತ್ತಿ ಉಗ್ರಾಣದಲ್ಲಿಟ್ಟರು. ನಾನು ಕ್ಲಬ್ಬಿನ ಸಮಿತಿಗೆ ಒಂದು ಪತ್ರ ಬರೆದೆ, ಉತ್ತರ ಬರಲಿಲ್ಲ, ಇನ್ನೊಂದು ಬರೆದೆ. ಕಾರ್ಯದರ್ಶಿ ಸಿಕ್ಕಾಗಲೆಲ್ಲ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ನಾನು ಪತ್ರದ ಬಗ್ಗೆ ಕೇಳುತ್ತಿದ್ದೆ.

ಅಕ್ಟೋಬರಿನಲ್ಲಿ ಕೋಚ್ ಅಭ್ಯಾಸಕ್ಕೆ ಮೊದಲು ಹುಡುಗಿಯರ ಜೊತೆ ಮಾತಾಡಲು ಕರೆದಳು. ಹುಲ್ಲಿನ ಮೇಲೆ ವೃತ್ತವಾಗಿ ಕುಳಿತು ಕೇಳಿದರು. ಒಬ್ಬಳು ಕೈ ಎತ್ತಿದಳು. ‘ನೀವು ಗೆದ್ರಾ?’

‘ಇಲ್ಲ. ಫೈನಲ್‌ನಲ್ಲಿ ಸೋತೆವು.’

‘ಆಮೇಲೆ ಯಾಕೆ ಆಡಲಿಲ್ಲ?’

ಮಂಡಿ ನೋವಿನ ಕಥೆ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡೆ. ‘ಎಲ್ಲರೂ ಸಾಕು ಅಂದರು. ನಾನೂ ಒಪ್ಪಿಕೊಂಡೆ. ಒಪ್ಪಿಕೊಳ್ಳಬಾರದಿತ್ತು’ ಅಂದೆ. ಮಗಳು ಬೂಟಿನ ದಾರ ಬಿಗಿಯುತ್ತಿದ್ದವಳು ತಲೆ ಎತ್ತಿದಳು.

ಮಾತು ಮುಗಿದ ಮೇಲೆ ಕೋಚ್, ಪಕ್ಕದ ರೆಂಟನ್‌ನಲ್ಲಿ ಮೂವತ್ತು ದಾಟಿದ ಹೆಂಗಸರು ಭಾನುವಾರ ಬೆಳಗ್ಗೆ ಆಡುತ್ತಾರೆ, ಬರುತ್ತೀರಾ ಎಂದು ಕೇಳಿದಳು. ನನಗೆ ನಲವತ್ತೈದು ಎಂದೆ. ಹಾಗಾದರೆ ಮೂವತ್ತು ದಾಟಿದೆಯಲ್ಲ ಎಂದಳು.

ಮೊದಲ ಭಾನುವಾರ ನಾನು ಹೊರಟಾಗ ಗಂಡ ಬಾಗಿಲಲ್ಲಿ ನಿಂತು, ‘ಈ ವಯಸ್ಸಲ್ಲಿ ಬಿದ್ದು ಏನಾದ್ರೂ ಮಾಡ್ಕೊಂಡ್ರೆ?’ ಎಂದು ಕೇಳಿದರು. ಬಿದ್ದರೆ ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂದೆ. ನಾನು ಕಾರು ತೆಗೆಯುವಷ್ಟರಲ್ಲಿ ಅವರೂ ಜಾಕೆಟ್ ಹಾಕಿಕೊಂಡು ಬಂದು ಪಕ್ಕದಲ್ಲಿ ಕುಳಿತರು. ಅವತ್ತು ನಾನು ಚಡ್ಡಿ ಹಾಕಿಕೊಂಡು ಮೈದಾನಕ್ಕೆ ಇಳಿದೆ. ಉಸಿರು ಐದು ನಿಮಿಷಕ್ಕೆ ಹೋಯಿತು, ಚೆಂಡು ನನ್ನ ಮಾತು ಕೇಳಲಿಲ್ಲ, ಎರಡು ಸಲ ಬಿದ್ದೆ. ಆ ಚಳಿಗಾಲದಲ್ಲಿ ಆಡಿದ ಪಂದ್ಯಗಳಲ್ಲಿ ಹೆಚ್ಚಿನವನ್ನು ಸೋತೆವು. ಮುಂದಿನ ಭಾನುವಾರ ಮತ್ತೆ ಹೋಗುತ್ತಿದ್ದೆವು.